ಹಿನ್ನೀರಿನ ಹರಿಗೋಲಿನ ಅಣ್ಣನಿಗೆ

ಭಾನುವಾರ ಕೆಆರ್‌ಎಸ್ ಹಿನ್ನೀರಿನಲ್ಲಿ ನಮ್ಮ ಕ್ಲಬ್ಬಿನ ಹಾಯಿದೋಣಿ ಮಗುಚಿದಾಗ ಹುಟ್ಟು ಹಾಕಿಕೊಂಡು ಬಂದ ಮೀನುಗಾರ ಅಣ್ಣ, ಹೆಸರು ಕೇಳುವಷ್ಟರಲ್ಲಿ ನೀವು ಹೊರಟೇಬಿಟ್ಟಿರಿ.

ಜಲಾಶಯದ ಪೂರ್ಣ ಮಟ್ಟ 124.80 ಅಡಿ. ಬೇಸಿಗೆಯಲ್ಲಿ ನೀರು ಇಳಿದರೆ ಅಂಚಿನಲ್ಲಿ ಆಳವಿರುವುದಿಲ್ಲ. ದೋಣಿ ಪೂರ್ತಿ ತಲೆಕೆಳಗಾದರೆ ಹಾಯಿಕಂಬದ ತುದಿ ಹೂಳಿನಲ್ಲಿ ನಾಟಿಕೊಳ್ಳುತ್ತದೆ. ಮೋಟಾರು ದೋಣಿಯಿಂದ ಅಡ್ಡಕ್ಕೆ ಜಗ್ಗಿದರೆ ಕಂಬ ಬಾಗುತ್ತದೆ, ಮುರಿಯಲೂಬಹುದು. ನೀವು ಜಗ್ಗಲಿಲ್ಲ. "ಎಷ್ಟ್ ಜನ ಇದ್ರಿ?" ಎಂದು ಮೊದಲು ಕೇಳಿದಿರಿ. ಹರಿಗೋಲು ವಾಲದಂತೆ ಇಬ್ಬರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ, ಲೈಫ್ ಜಾಕೆಟ್ಟಿನ ಹೆಗಲಪಟ್ಟಿ ಹಿಡಿದು ಒಳಗೆಳೆದುಕೊಂಡಿರಿ. ನಮಗೆ ಉಸಿರು ಬಂದದ್ದು ಆಗಲೇ.

ಆಮೇಲೆ ದೋಣಿಯ ಮೂತಿಯನ್ನು ಗಾಳಿಗೆ ತಿರುಗಿಸಿ ಹಿಡಿದಿರಿ. ನಮ್ಮ ತರಬೇತುದಾರರು ಹಾಯಿಯ ಹಗ್ಗ ಸಡಿಲಿಸಿ, ದೋಣಿಯ ತಳದಿಂದ ಹೊರಚಾಚುವ ನಡುಹಲಗೆಯ ಬುಡದಲ್ಲಿ ನಿಂತು ಹಿಂದಕ್ಕೆ ವಾಲಿದರು. ಕಂಬ ನಿಧಾನವಾಗಿ ಹೂಳು ಬಿಟ್ಟಿತು. ಅದು ನೀರಿನ ಮೇಲೆ ಮಲಗಿದ ಕೂಡಲೇ ನೀವು ತುದಿಗೆ ಮುಚ್ಚಳ ಬಿಗಿದ ಖಾಲಿ ಕ್ಯಾನ್ ಕಟ್ಟಿದಿರಿ. ದೋಣಿ ಮತ್ತೆ ತಲೆಕೆಳಗಾಗದೆ ಉಳಿದದ್ದು ಅದರಿಂದ. ಇಷ್ಟು ವರ್ಷ ಹಾಯಿ ಕಟ್ಟಿದ ನಮಗೇ ಅದು ಹೊಳೆದಿರಲಿಲ್ಲ.

ನಡುಗುತ್ತಿದ್ದ ಹುಡುಗಿಗೆ ಹೆಗಲ ಮೇಲಿನ ಟವೆಲ್ ಹೊದಿಸಿದಿರಿ. ಅದನ್ನು ಒಗೆದು ಇಟ್ಟಿದ್ದೇವೆ ಅಣ್ಣ. ಕ್ಯಾನೂ ಇಲ್ಲೇ ಇದೆ.