ಅಧಿಕಪ್ರಸಂಗಿ ಅಂದರಂತೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಬಿಡು. ನಿನ್ನ ಕಾಗದದ ಆ ಒಂದು ಸಾಲು ನನ್ನ ನಿದ್ದೆ ಕೆಡಿಸಿತು: ‘ಮೀಟಿಂಗಿನಲ್ಲಿ ಲೆಕ್ಕದ ತಪ್ಪು ತೋರಿಸಿ ಅಧಿಕಪ್ರಸಂಗಿ ಅನ್ನಿಸಿಕೊಂಡೆ. ಇನ್ನು ಬಾಯೇ ಬಿಡುವುದಿಲ್ಲ.’

ಆ ಬೈಗುಳವನ್ನೇ ಬಿಡಿಸಿ ನೋಡು. ಅಧಿಕ, ಹೆಚ್ಚು. ಪ್ರಸಂಗ ಅಂದರೆ ನಮ್ಮಲ್ಲಿ ಸಂದರ್ಭ, ತಮಿಳು ತೆಲುಗಿನಲ್ಲಿ ಭಾಷಣ; ತಮಿಳರೂ ಹುಡುಗರನ್ನು ಇದೇ ಪದದಲ್ಲಿ ಗದರುತ್ತಾರೆ. ಆಡಿದ್ದು ಸುಳ್ಳು ಎಂಬ ಅರ್ಥ ಅದರೊಳಗೆ ಎಲ್ಲೂ ಇಲ್ಲ. ಉದ್ಧಟ ಅಂದಿದ್ದರೆ ಅದು ಸ್ವಭಾವದ ಮೇಲಿನ ದೂರು. ಅದರ ಮೂಲ ಸಂಸ್ಕೃತದ ಉದ್ಧತ, ಅಂದರೆ ಮೇಲಕ್ಕೆದ್ದದ್ದು, ಸೊಕ್ಕಿನದು. ಕಿಲಾಡಿಯಲ್ಲಿ ಅರ್ಧ ಮೆಚ್ಚುಗೆ ಇರುತ್ತದೆ. ಅಧಿಕಪ್ರಸಂಗಿ ಮಾತ್ರ ಮೇಲಿನಿಂದ ಕೆಳಕ್ಕೇ ಬೀಳುವ ಪದ. ಐವತ್ತು ದಾಟಿದವರು ಕೇಳಿದರೆ ಅದೇ ಪ್ರಶ್ನೆ ಸಲಹೆಯಾಗುತ್ತದೆ.

ಆದರೆ ‘ಬಾಯೇ ಬಿಡುವುದಿಲ್ಲ’ ಅಂದೆಯಲ್ಲ, ನನ್ನ ಹೆದರಿಕೆ ಅದೇ. ನಿನ್ನಪ್ಪನಿಗೆ ಈ ಪದವನ್ನು ನಾನೂ ಧಾರಾಳವಾಗಿ ಅಂದವನು. ಇವತ್ತಿಗೂ ನನ್ನೆದುರು ಅವನು ಅಳೆದು ತೂಗಿ ಮಾತಾಡುತ್ತಾನೆ.

ಉಪಾಯ ಹೇಳುವಷ್ಟು ದೊಡ್ಡವನಲ್ಲ ನಾನು, ಆದರೂ. ‘ನೀವು ತಪ್ಪು ಹೇಳಿದಿರಿ’ ಅಂದರೆ ದೋಷ ಮನುಷ್ಯನ ಮೇಲೆ ಹೋಗುತ್ತದೆ. ‘ಸಾರ್, ಈ ಹಾಳೆಯಲ್ಲಿ 18 ಇದೆ, ಆ ಹಾಳೆಯಲ್ಲಿ 81’ ಅಂದರೆ ಹಾಳೆಯ ಮೇಲೆ. ಕೊನೆಗೆ ‘ಅಲ್ವಾ?’ ಸೇರಿಸಬೇಡ, ಒಪ್ಪಿಸಿಕೊಳ್ಳಲು ಹೊರಟ ಹಾಗೆ ಕೇಳುತ್ತದೆ. ‘ನನಗೆ ಗೊತ್ತು’ ಅಂತೂ ಬೇಡವೇ ಬೇಡ. ಒಂದೇ ವಾಕ್ಯ ಆಡಿ ನಿಲ್ಲಿಸು. ಕಾರಣ ವಿವರಿಸಲು ಹೊರಟ ಎರಡನೆಯ ವಾಕ್ಯದಲ್ಲೇ ಆ ‘ಅಧಿಕ’ ಹುಟ್ಟುವುದು. ತಾಳಮದ್ದಳೆ ನೋಡಿದ್ದೀಯಲ್ಲ, ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಅಲ್ಲೂ ಪದ್ಯಕ್ಕೆ ಅರ್ಥ ಹೇಳುವವರು ಉದ್ದ ಎಳೆದರೆ ಎದುರಿನವರ ಪಾಲಿನ ಹೊತ್ತು ಹೋಗುತ್ತದೆ. ಹೊರಗಿನವರು ಕೂತಿದ್ದರೆ ಮೀಟಿಂಗ್ ಮುಗಿದ ಮೇಲೆ ತಪ್ಪು ಮಾಡಿದವರ ಟೇಬಲ್ಲಿಗೆ ಹೋಗಿ ಹೇಳು. ಹೇಳದೆ ಮಾತ್ರ ಇರಬೇಡ, ಪುಟ್ಟಿ.

ಅದಿರಲಿ, ಆ ಲೆಕ್ಕ ಕೊನೆಗೆ ಸರಿ ಮಾಡಿದರೋ ಇಲ್ಲವೋ? ಅದನ್ನೇ ನೀನು ಬರೆದಿಲ್ಲ.

ಇಂತು,
ನಿನ್ನ ದೊಡ್ಡಪ್ಪ