ಮನೆಯಲ್ಲಿ ಹಾಡು ಮುದ್ರಿಸಲು ಡೈನಮಿಕ್ ಮೈಕ್ ಸಾಕು

ಮಾನ್ಯ ಸಂಪಾದಕರೇ,

ಗಾಯನ ಸ್ಪರ್ಧೆಗಳ ಮೊದಲ ಸುತ್ತಿಗೆ ಮನೆಯಿಂದಲೇ ಧ್ವನಿಮುದ್ರಣ ಕಳುಹಿಸಬೇಕೆಂಬ ನಿಯಮ ಈಗ ಸಾಮಾನ್ಯವಾಗಿದೆ. ಅದರ ಜೊತೆಗೆ ‘ಸ್ಟುಡಿಯೋ ಗುಣಮಟ್ಟದಲ್ಲಿರಲಿ’ ಎಂಬ ಸಾಲೊಂದು ಸೇರಿಕೊಂಡರೆ ಸಾಕು, ನನ್ನಲ್ಲಿ ಪಾಠಕ್ಕೆ ಬರುವ ಮಕ್ಕಳ ತಂದೆ ತಾಯಂದಿರು ಯಾವ ಮೈಕ್ ಕೊಳ್ಳಬೇಕೆಂದು ಕೇಳತೊಡಗುತ್ತಾರೆ. ಧಾರವಾಡದಲ್ಲಿ ಇಪ್ಪತ್ತು ವರ್ಷಗಳಿಂದ ಹಿಂದೂಸ್ತಾನಿ ಗಾಯನ ಕಲಿಸುತ್ತಿರುವ ನಾನು ಈ ವಿಷಯದಲ್ಲಿ ಒಮ್ಮೆ ಎಡವಿ ಹಣ ಕಳೆದುಕೊಂಡಿರುವುದರಿಂದ, ಅದೇ ದಾರಿಯಲ್ಲಿರುವವರಿಗಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಾಲ್ಕು ವರ್ಷಗಳ ಹಿಂದೆ, ಸ್ಟುಡಿಯೋಗಳಲ್ಲಿ ಅದನ್ನೇ ಬಳಸುತ್ತಾರೆಂಬ ಮಾತು ನಂಬಿ ಕಂಡೆನ್ಸರ್ ಮೈಕ್ ತಂದೆ. ಅದಕ್ಕೆ ಫ್ಯಾಂಟಮ್ ಪವರ್, ಅಂದರೆ ಮೈಕಿನ ತಂತಿಯಲ್ಲೇ ಹರಿಯುವ 48 ವೋಲ್ಟ್‌ನ ವಿದ್ಯುತ್ ಬೇಕು, ಅದನ್ನು ಒದಗಿಸಲು ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್ ಎಂಬ ಮತ್ತೊಂದು ಉಪಕರಣ ಬೇಕು ಎಂಬುದು ಮನೆಗೆ ಬಂದ ಮೇಲೆ ತಿಳಿಯಿತು. ಅದನ್ನೂ ಕೊಂಡು, ಹನ್ನೆರಡು ವರ್ಷದ ಶಿಷ್ಯೆಯೊಬ್ಬಳನ್ನು ಕೂರಿಸಿ ಯಮನ್ ರಾಗದ ಬಂದಿಶ್ ಮುದ್ರಿಸಿದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ, ಅವಳು ನಿಷಾದ ಸ್ವರದ ಮೇಲೆ ಅಷ್ಟು ಚೆನ್ನಾಗಿ ನಿಂತಿದ್ದ ಜಾಗದಲ್ಲೇ ಪಕ್ಕದ ಮನೆಯ ಕುಕ್ಕರ್ ಕೂಗಿತ್ತು. ಕೆಳಗೆ ಉದ್ದಕ್ಕೂ ನೀರಿನ ಮೋಟಾರಿನ ಸದ್ದು ಹರಿದಿತ್ತು. ಬರಿಗೋಡೆಗೆ ಬಡಿದು ಮರಳಿದ ಅವಳದೇ ದನಿ ಪ್ರತಿ ಸ್ವರದ ಬೆನ್ನಿಗೆ ಅಂಟಿಕೊಂಡಿತ್ತು. ಮೈಕ್ ಕೆಟ್ಟಿರಲಿಲ್ಲ. ಸಣ್ಣ ಸದ್ದನ್ನೂ ಹಿಡಿಯುವುದು ಕಂಡೆನ್ಸರ್‌ನ ಗುಣ, ಮತ್ತು ನಮ್ಮ ಮನೆಗಳಲ್ಲಿ ಅಂಥ ಸದ್ದುಗಳಿಗೆ ಕೊರತೆಯಿಲ್ಲ.

ವೇದಿಕೆಯ ಮೇಲೆ ಗಾಯಕರು ಕೈಯಲ್ಲಿ ಹಿಡಿಯುವಂಥ ಡೈನಮಿಕ್ ಮೈಕ್ ಇದಕ್ಕಿಂತ ಮಂದ. ಮನೆಯಲ್ಲಿ ಆ ಮಂದತೆಯೇ ಅನುಕೂಲ. ಬಾಯಿಂದ ನಾಲ್ಕು ಬೆರಳಿನಷ್ಟು ದೂರದಲ್ಲಿಟ್ಟು ಹಾಡಿದರೆ ಹಾಡು ಮುಂದೆ ಬರುತ್ತದೆ, ಬೀದಿ ಹಿಂದೆ ಸರಿಯುತ್ತದೆ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದಂತೆಲ್ಲ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ ಎಂಬ ಸರಳ ಲೆಕ್ಕವೇ ಇದರ ಹಿಂದಿರುವುದು. ತೀರ ಹತ್ತಿರವಾದರೆ ಮಂದ್ರ ಸಪ್ತಕದ ತಗ್ಗಿನ ಸ್ವರಗಳು ಅನಗತ್ಯವಾಗಿ ದಪ್ಪವಾಗುತ್ತವೆ. ತಾರ ಸಪ್ತಕದ ಏರು ಸ್ವರಗಳಿಗೆ ಹೋಗುವಾಗ ಮುಖವನ್ನು ತುಸು ಹಿಂದೆ ತೆಗೆದುಕೊಳ್ಳುವುದನ್ನು ಮಕ್ಕಳು ಎರಡು ದಿನಗಳಲ್ಲಿ ಕಲಿಯುತ್ತಾರೆ. 1966ರಿಂದ ಬಳಕೆಯಲ್ಲಿರುವ ಶೂರ್ ಎಸ್‌ಎಂ58 ಈ ಬಗೆಯದೇ. ಅಷ್ಟು ಖರ್ಚು ಮಾಡಲಾಗದವರು ಅದಕ್ಕಿಂತ ಬಹಳ ಅಗ್ಗದ ಬೆಹ್ರಿಂಗರ್ ಎಕ್ಸ್‌ಎಂ8500 ನೋಡಬಹುದು. ಇಂಟರ್‌ಫೇಸ್ ಖರ್ಚೇ ಬೇಡವೆನ್ನುವವರಿಗೆ ಸ್ಯಾಮ್ಸನ್ ಕ್ಯೂ2ಯು ಇದೆ. ಅದನ್ನು ಯುಎಸ್‌ಬಿ ತಂತಿಯಿಂದ ನೇರವಾಗಿ ಕಂಪ್ಯೂಟರಿಗೆ ಜೋಡಿಸಬಹುದು, ಮುಂದೆ ಇಂಟರ್‌ಫೇಸ್ ಕೊಂಡರೆ ಅದಕ್ಕೂ ಜೋಡಿಸಬಹುದು. ತೀರ ಮೆಲುದನಿಯವರಿಗೆ ಡೈನಮಿಕ್ ಮೈಕಿನಲ್ಲಿ ಗೇನ್, ಅಂದರೆ ದನಿಯನ್ನು ಹಿಗ್ಗಿಸುವ ಮಟ್ಟವನ್ನು ಹೆಚ್ಚು ಏರಿಸಬೇಕಾಗುತ್ತದೆ, ಆಗ ಸ್ವಲ್ಪ ‘ಹಿಸ್’ ಎಂಬ ಸದ್ದು ಬರಬಹುದು ಎಂಬುದನ್ನೂ ಹೇಳಲೇಬೇಕು.

ಇನ್ನು ಕೋಣೆಯ ಮಾತು. ನಮ್ಮ ಭಾಗದ ಮನೆಗಳಲ್ಲಿ ಅಜ್ಜಿಯರು ಹೊಲಿದಿಟ್ಟ ಕೌದಿಗಳಿರುತ್ತವೆ. ಹಾಡುವವರ ಬೆನ್ನ ಹಿಂದೆ ಹಗ್ಗ ಕಟ್ಟಿ ಅಂಥ ಎರಡು ಕೌದಿಗಳನ್ನು ಇಳಿಬಿಟ್ಟು, ನೆಲಕ್ಕೆ ಜಮಖಾನ ಹಾಸಿ, ಫ್ಯಾನ್ ಆರಿಸಿದ ದಿನ ನನಗೆ ಸಿಕ್ಕ ವ್ಯತ್ಯಾಸ ಯಾವ ಮೈಕ್ ಬದಲಿಸಿದಾಗಲೂ ಸಿಕ್ಕಿಲ್ಲ. ಮೈಕ್ ಹಾಡುವವರತ್ತ ಮುಖ ಮಾಡಿರುವುದರಿಂದ ಅವರ ಹಿಂದಿನ ಗೋಡೆಯಿಂದ ಮರಳುವ ದನಿಯೇ ಅದಕ್ಕೆ ಹೆಚ್ಚು ಕೇಳಿಸುವುದು. ಕೌದಿ ಅಲ್ಲೇ ಇರಬೇಕು. ‘ಪ’, ‘ಭ’ಗಳಲ್ಲಿ ಉಸಿರು ಬಡಿಯದಂತೆ ಕಸೂತಿ ಹಾಕುವ ಮರದ ರಿಂಗ್‌ಗೆ ತೆಳು ನೈಲಾನ್ ಬಟ್ಟೆ ಬಿಗಿದು ಮೈಕಿನ ಮುಂದೆ ನಿಲ್ಲಿಸಬಹುದು. ತಾನ್ಪುರ ಆ್ಯಪ್ ಕೇಳಿಸಿಕೊಳ್ಳಲು ತಂತಿಯ ಇಯರ್‌ಫೋನ್ ಇರಲಿ, ಏಕೆಂದರೆ ಬ್ಲೂಟೂತ್‌ನಲ್ಲಿ ದನಿ ತಡವಾಗಿ ಬರುತ್ತದೆ. ತಬಲಾದೊಂದಿಗೆ ಹಾಡುವಾಗ ಆ ತಡ ಸಮ್, ಅಂದರೆ ತಾಳದ ಮೊದಲ ಮಾತ್ರೆ ತಪ್ಪಿಸಲು ಸಾಕು. ಮುದ್ರಣಕ್ಕೆ ಉಚಿತವಾದ ಆಡಾಸಿಟಿ ತಂತ್ರಾಂಶ ಸಾಲುತ್ತದೆ. ಅತಿ ಜೋರಾದ ಸ್ವರವೂ ಅಲ್ಲಿನ ಮಾಪಕದಲ್ಲಿ ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಬೇಕು, ಒಡೆದ ದನಿಯನ್ನು ಆಮೇಲೆ ಸರಿಪಡಿಸುವುದು ಕಷ್ಟ.

ಸ್ಪರ್ಧೆಗಳ ಆಯೋಜಕರಲ್ಲಿ ನನ್ನ ವಿನಂತಿ ಇಷ್ಟು. ‘ಸ್ಟುಡಿಯೋ ಗುಣಮಟ್ಟ’ ಎಂಬ ಮಾತನ್ನು ನಿಯಮಗಳಿಂದ ತೆಗೆದು, ಸದ್ದಿಲ್ಲದ ಕೋಣೆಯಲ್ಲಿ ಫೋನಿನಿಂದಲೇ ಮಾಡಿದ ಮುದ್ರಣವೂ ಸಾಕೆಂದು ಸ್ಪಷ್ಟವಾಗಿ ಬರೆಯಬೇಕು; ಪ್ರತಿಧ್ವನಿ ಸೇರಿಸಬಾರದು, ಶ್ರುತಿ ತಿದ್ದಬಾರದು ಎಂದೂ ಸೇರಿಸಬೇಕು. ಕಡತವನ್ನು ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶವಾಗಿ ಕಳುಹಿಸದೆ ಡಾಕ್ಯುಮೆಂಟ್ ಆಗಿ ಕಳುಹಿಸುವಂತೆ ತಿಳಿಸಿದರೆ, ಮಗು ಹಾಡಿದ್ದು ಹಾಡಿದಂತೆಯೇ ತೀರ್ಪುಗಾರರಿಗೆ ತಲುಪುತ್ತದೆ.

ಇಂತಿ,
ಸಂಗೀತ ಶಿಕ್ಷಕಿ, ಧಾರವಾಡ