ಸರಾಸರಿ ಬರೆದು ಉಳಿದದ್ದನ್ನು ಹೊಡೆದುಹಾಕಬೇಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ನ್ಯಾನೊ ಸಾಧನಗಳ ಬಗ್ಗೆ ಒಂದು ಬರಹ ಬಂದಿತ್ತು. ಚೆನ್ನಾಗಿತ್ತು. ಒಂದು ಸಾಲು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಕರೆಂಟಿನಲ್ಲಿ ಕಾಣುವ 'ನಾಯ್ಸ್', ಅಂದರೆ ಸಣ್ಣ ಸಣ್ಣ ಏರಿಳಿತ, ಬರೀ ಕಿರಿಕಿರಿ, ಸರಾಸರಿ ತೆಗೆದು ಅದನ್ನು ಕಳೆದುಬಿಡಬೇಕು ಅಂತ ಬರೆದಿದ್ದರು. ನಾನು ವಿಜ್ಞಾನಿಯಲ್ಲ. ಚಿಕ್ಕಮಗಳೂರಿನ ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ 28 ವರ್ಷ ಮೀಟರು, ವೈರು, ಬ್ಯಾಟರಿ ಜೋಡಿಸಿಕೊಟ್ಟು ನಿವೃತ್ತನಾದವನು. ಆದರೂ ಈ ಮಾತಿಗೆ ಸುಮ್ಮನಿರಲು ಆಗಲಿಲ್ಲ.

ಮೊದಲು ಮಳೆ ವಿಷಯ ಹೇಳಿಬಿಡುತ್ತೇನೆ.

ಆರಿದ್ರಾ ಮಳೆ ಹಿಡಿದಿದ್ದ ಒಂದು ಮಧ್ಯಾಹ್ನ ಮೂಡಿಗೆರೆ ಹತ್ತಿರದ ನಮ್ಮ ಮನೆಯಲ್ಲಿ ಕರೆಂಟ್ ಇರಲಿಲ್ಲ (ಮಳೆಗಾಲದಲ್ಲಿ ಇದ್ದರೇ ವಿಶೇಷ). ಬಿ.ಎಸ್ಸಿ. ಓದುವ ಮೊಮ್ಮಗಳೂ ನಾನೂ ಜಗಲಿಯಲ್ಲಿ ಕೂತಿದ್ದೆವು. ಸುಮ್ನೆ ಕೂರುವ ಬದಲು ಒಂದು ಸ್ಟೀಲ್ ಡಬ್ಬಿಯ ಮುಚ್ಚಳ ತಂದು ಅಂಗಳದಲ್ಲಿ ಬೋರಲು ಹಾಕಿದೆವು. ತೆಳ್ಳನೆ ಸೋನೆ ಮಳೆ. ಟಪ್, ಟಪ್ ಟಪ್. ಅವಳು ಮೊಬೈಲಿನಲ್ಲಿ ಹತ್ತು ಸೆಕೆಂಡ್ ನೋಡುವುದು, ನಾನು ಹನಿ ಎಣಿಸುವುದು. ಸಿಕ್ಕಿದ್ದು 12, 19, 16, 21, 10, 15, 18, 17. ಸರಾಸರಿ 16. ಆಮೇಲೆ ಮುಚ್ಚಳವನ್ನು ಸೂರಿನ ಕೆಳಗೆ, ಹೆಂಚಿನ ತುದಿಯಿಂದ ಹನಿ ಬೀಳುವ ಜಾಗಕ್ಕೆ ಎಳೆದೆವು. ಅಲ್ಲಿ 16, 16, 15, 16, 17, 16, 16, 16. ಅದರದ್ದೂ ಸರಾಸರಿ 16!

ಸರಾಸರಿ ಮಾತ್ರ ಬರೆದಿದ್ದರೆ ಎರಡೂ ಒಂದೇ ಅಂತ ಆಗುತ್ತಿತ್ತು ಅಲ್ವಾ? ಆಕಾಶದಿಂದ ಬೀಳುವ ಹನಿಗೆ ಇನ್ನೊಂದು ಹನಿಯ ಪರಿಚಯವೇ ಇಲ್ಲ, ತನ್ನ ಪಾಡಿಗೆ ತಾನು ಬೀಳುತ್ತದೆ. ಅಂಥ ಕಡೆ ಏರಿಳಿತ ಸರಾಸರಿಯ ವರ್ಗಮೂಲದಷ್ಟು ಇರುತ್ತದೆ. 16ಕ್ಕೆ 4. ನಮಗೆ ಬಂದಿದ್ದು ಮೂರೂವರೆ ಮೇಲೆ ಚೂರು. ಸೂರಿನ ಹನಿ ಹಾಗಲ್ಲ. ಒಂದು ಹನಿ ತುಂಬಿ ದಪ್ಪಗಾಗಿ ಕಳಚಿಕೊಳ್ಳುವ ತನಕ ಮುಂದಿನದು ಕಾಯಬೇಕು. ನಮ್ಮ ಕಾಫಿ ತೋಟದ ರೈನ್‌ಗೇಜಿಗೆ ಇದೆಲ್ಲ ಗೊತ್ತೇ ಆಗುವುದಿಲ್ಲ, ಇವತ್ತು ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಅಂತ ಹೇಳಿ ಸುಮ್ಮನಾಗುತ್ತದೆ. ಕರೆಂಟ್ ಅಳೆಯುವ ಆಮ್ಮೀಟರಿನ ಕಥೆಯೂ ಅದೇ. ಒಂದು ಆಂಪಿಯರ್ ಅಂದರೆ ಸೆಕೆಂಡಿಗೆ ಸುಮಾರು 62,400 ಕೋಟಿ ಕೋಟಿ ಎಲೆಕ್ಟ್ರಾನು. ಅಷ್ಟು ಜನಜಂಗುಳಿಯಲ್ಲಿ ಒಬ್ಬೊಬ್ಬರ ನಡಿಗೆ ಯಾರಿಗೆ ಕಾಣಬೇಕು?

1918ರಲ್ಲಿ ಜರ್ಮನಿಯ ವಿಜ್ಞಾನಿ ವಾಲ್ಟರ್ ಶಾಟ್ಕಿ ವ್ಯಾಕ್ಯೂಮ್ ಟ್ಯೂಬುಗಳ ಕರೆಂಟ್ ಏಕೆ ನಡುಗುತ್ತದೆ ಅಂತ ಯೋಚಿಸಿ ಇದೇ ಲೆಕ್ಕ ಹಾಕಿದರು. ಒಂದು ಲೋಟ ನೀರು ಸಣ್ಣ ಹನಿಯಾಗಿ ಬಿದ್ದರೆ ಏರಿಳಿತ ಕಡಿಮೆ, ದಪ್ಪ ಹನಿಯಾಗಿ ಬಿದ್ದರೆ ಜಾಸ್ತಿ. ಹಾಗಾಗಿ ಏರಿಳಿತವನ್ನು ಕರೆಂಟಿನ ಜೊತೆ ಹೋಲಿಸಿದರೆ ಹನಿಯ ಗಾತ್ರ, ಅಂದರೆ ಒಂದು ಎಲೆಕ್ಟ್ರಾನಿನ ಚಾರ್ಜ್, ಸಿಕ್ಕಿಬಿಡುತ್ತದೆ. ಎಲೆಕ್ಟ್ರಾನನ್ನು ಒಂದೊಂದಾಗಿ ಹಿಡಿಯಲೇಬೇಕಿಲ್ಲ. ಇದರಿಂದ ಎಂಥ ಕೆಲಸ ಆಯಿತು ನೋಡಿ. 1997ರಲ್ಲಿ ಫ್ರಾನ್ಸಿನ ಸಾಕ್ಲೇ ಮತ್ತು ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಎರಡು ತಂಡಗಳು, ಸೊನ್ನೆಗಿಂತ 273 ಡಿಗ್ರಿ ಕೆಳಗಿನ ಚಳಿಯಲ್ಲಿ, ಜೋರು ಕಾಂತಕ್ಷೇತ್ರದಲ್ಲಿ ಇಟ್ಟ ಸೆಮಿಕಂಡಕ್ಟರಿನ ನಾಯ್ಸ್ ಅಳೆದು, ಅಲ್ಲಿ ಹರಿಯುತ್ತಿರುವ ಒಂದೊಂದು 'ಹನಿ'ಯ ಚಾರ್ಜ್ ಎಲೆಕ್ಟ್ರಾನಿನ ಮೂರನೇ ಒಂದು ಭಾಗ ಅಂತ ತೋರಿಸಿದವು. ಸರಾಸರಿ ತೆಗೆದು ನಾಯ್ಸ್ ಬಿಸಾಕಿದ್ದರೆ ಅದು ಸಿಗುತ್ತಿತ್ತಾ?

ಈಗ ಒಂದೊಂದಾಗಿಯೂ ಎಣಿಸುತ್ತಾರೆ. ಕ್ವಾಂಟಮ್ ಡಾಟ್ ಅಂದರೆ ಎಲೆಕ್ಟ್ರಾನುಗಳಿಗೆ ಒಂದು ಪುಟ್ಟ ಕೋಣೆ, ಒಬ್ಬರು ಒಳಗಿದ್ದರೆ ಇನ್ನೊಬ್ಬರಿಗೆ ಜಾಗವಿಲ್ಲ. ಪಕ್ಕದಲ್ಲೇ ಒಂದು ಕಿರಿದಾದ ದಾರಿಯಲ್ಲಿ ಬೇರೆ ಕರೆಂಟ್ ಹರಿಯುತ್ತಿರುತ್ತದೆ. ಕೋಣೆಗೆ ಒಂದು ಎಲೆಕ್ಟ್ರಾನು ಬಂದು ಕೂತರೆ ಆ ಕರೆಂಟ್ ಒಂದು ಮೆಟ್ಟಿಲು ಇಳಿಯುತ್ತದೆ, ಎದ್ದುಹೋದರೆ ಏರುತ್ತದೆ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ತಂಡ 2006ರಲ್ಲಿ ಈ ಮೆಟ್ಟಿಲು ಎಣಿಸಿ ನೋಡಿತು. ಬರುವ ವೇಗ, ಹೋಗುವ ವೇಗ ಸಮ ಇದ್ದಾಗ ಏರಿಳಿತದ ವರ್ಗ ಮಳೆ ಲೆಕ್ಕದ ಅರ್ಧಕ್ಕೆ ಇಳಿಯುತ್ತದೆ: 16ರ (ಅಂದರೆ 4ರ ವರ್ಗದ) ಜಾಗದಲ್ಲಿ 8. ಸೂರಿನ ಹನಿಯಷ್ಟು ಶಿಸ್ತಿಲ್ಲ, ಸೋನೆ ಮಳೆಯಷ್ಟು ಬೇಕಾಬಿಟ್ಟಿಯೂ ಅಲ್ಲ. ಬೇರೆ ಕೆಲವು ಸಾಧನಗಳಲ್ಲಿ ಉಲ್ಟಾ, ನಮ್ಮೂರ ಬಸ್ಸಿನ ಥರ, ಬಾರದಿದ್ದರೆ ಗಂಟೆಗಟ್ಟಲೆ ಇಲ್ಲ, ಬಂದರೆ ಮೂರು ಒಟ್ಟಿಗೆ. ಸರಾಸರಿ, ಏರಿಳಿತ ಎರಡನ್ನೂ ದಾಟಿ, ಎಷ್ಟು ಸಲ ಎಷ್ಟು ಬಂದವು ಅನ್ನುವ ಇಡೀ ಪಟ್ಟಿಯನ್ನೇ ಹಿಡಿಯುವ ಗಣಿತವನ್ನು ಲೆವಿಟೊವ್ ಮತ್ತು ಲೆಸೊವಿಕ್ ಅನ್ನುವ ಇಬ್ಬರು ವಿಜ್ಞಾನಿಗಳು 1993ರಲ್ಲೇ ಕೊಟ್ಟಿದ್ದರು.

ಎಣಿಸುವವನ ಕಿವಿಯೂ ಲೆಕ್ಕಕ್ಕೆ ಬರುತ್ತದೆ. ನಾನು 19 ಅಂದಾಗ ಮೊಮ್ಮಗಳು 'ಇಲ್ಲ ತಾತ, 21' ಅಂದಳು. ಎರಡು ಹನಿ ಬೆನ್ನುಬೆನ್ನಿಗೆ ಬಿದ್ದರೆ ನನಗೆ ಒಂದೇ ಟಪ್. ಡಿಟೆಕ್ಟರ್ ನಿಧಾನವಾದರೆ ಲ್ಯಾಬಿನಲ್ಲೂ ಹೀಗೇ ಆಗುತ್ತದೆ. ಚಕ್ಕಂತ ಬಂದು ಹೋದ ಎಲೆಕ್ಟ್ರಾನು ತಪ್ಪಿಹೋಗಿ, ನಿಜಕ್ಕಿಂತ ಜಾಸ್ತಿ ಶಿಸ್ತು ಕಾಣಬಹುದು. ಇನ್ನು ಎಲ್ಲ ನಾಯ್ಸೂ ಮಾತಾಡುತ್ತದೆ ಅಂತ ನಾನು ಹೇಳುವುದಿಲ್ಲ. ಟರ್ಮಿನಲ್ ಕಿಲುಬು ಹಿಡಿದು ಮುಳ್ಳು ಕುಣಿದರೆ ಅದಕ್ಕೆ ಉಪ್ಪುಕಾಗದವೇ ಮದ್ದು. 28 ವರ್ಷ ಉಜ್ಜಿದ್ದೇನೆ.

ನನ್ನ ನಿಜವಾದ ತಕರಾರು ಬೇರೆ. ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದರೆ ಹುಡುಗರು ಪುಸ್ತಕದ ಉತ್ತರ ಇಟ್ಟುಕೊಂಡು ಹಿಂದಿನಿಂದ ರೀಡಿಂಗ್ ಹುಟ್ಟಿಸುವುದನ್ನು ನಾನು ವರ್ಷಾವರ್ಷ ನೋಡಿದ್ದೇನೆ. ಅವರನ್ನು ಬೈದು ಉಪಯೋಗವಿಲ್ಲ, ಚದುರಿದ ರೀಡಿಂಗ್ ಬರೆದರೆ ಅಂಕ ಹೋಗುತ್ತದೆ. ಮೊಮ್ಮಗಳು ಈ ಸಲ ರೆಕಾರ್ಡಿನಲ್ಲಿ ಬಂದ ಎಂಟೂ ರೀಡಿಂಗ್ ಬರೆದು, ಪಕ್ಕದಲ್ಲಿ ಏರಿಳಿತವನ್ನೂ ಲೆಕ್ಕ ಹಾಕಿದ್ದಳು. ವಾಪಸ್ ಬಂದಾಗ ಎಂಟರ ಮೇಲೂ ಕೆಂಪು ಗೀಟು, ಕೆಳಗೆ 'ಸರಾಸರಿ ಮಾತ್ರ ಸಾಕು' ಅಂತ. ತಿದ್ದಿದವರ ಹೆಸರು ಬೇಡ, ಅವರಿಗೂ ಹಾಗೇ ಕಲಿಸಿರುತ್ತಾರೆ. ಆ ಗೀಟು ಎಳೆಯುವುದನ್ನು ನಿಲ್ಲಿಸಿ, ಏರಿಳಿತಕ್ಕೂ ಎರಡು ಅಂಕ ಇಡಿ ಅಂತ ನಿಮ್ಮ ಪತ್ರಿಕೆ ಮೂಲಕ ಲೆಕ್ಚರರುಗಳನ್ನು ಕೇಳಿಕೊಳ್ಳುತ್ತೇನೆ. ಹೊಸ ಉಪಕರಣ ಏನೂ ಬೇಡ. ಡಬ್ಬಿ ಮುಚ್ಚಳ ಎಲ್ಲರ ಮನೆಯಲ್ಲೂ ಇದೆ, ನಮ್ಮ ಕಡೆ ಮಳೆ ಇನ್ನೂ ಎರಡು ತಿಂಗಳು ಇರುತ್ತದೆ.

ಇತಿ,
ಒಬ್ಬ ನಿವೃತ್ತ ಲ್ಯಾಬ್ ಅಟೆಂಡರ್, ಮೂಡಿಗೆರೆ ತಾಲ್ಲೂಕು